ವ್ಯಾಫ್ ರೂಲ್ ಗ್ರೂಪ್‌ಗೆ ಕೋಡ್‌ನಲ್ಲಿ ಯಾವ ಆಕಾರ ಕೊಡಬೇಕು?

ಬೆಂಗಳೂರಿನಲ್ಲಿ ಪ್ಲಾಟ್‌ಫಾರ್ಮ್ ಎಂಜಿನಿಯರ್‌ಗಳ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಪರದೆಯ ಮೇಲಿದ್ದ ಕೋಡ್ ಇಲ್ಲಿಲ್ಲ, ಅದನ್ನು ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡುವುದು ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ವ್ಯಾಫ್ ಬಗ್ಗೆ, ಅದರಲ್ಲೂ ರೂಲ್ ಗ್ರೂಪ್, ಅಂದರೆ ಒಟ್ಟಿಗೆ ಕಟ್ಟಿಟ್ಟ ರೂಲ್‌ಗಳ ಗುಂಪಿನ ಬಗ್ಗೆ ಮಾತ್ರ. ವ್ಯಾಫ್ ಅಂದರೆ ವೆಬ್ ಅಪ್ಲಿಕೇಶನ್ ಫೈರ್‌ವಾಲ್. ಆ್ಯಪ್‌ಗೆ ಬರುವ ಒಂದೊಂದು ರಿಕ್ವೆಸ್ಟನ್ನೂ ಓದಿ, ಒಳಗೆ ಬಿಡಬೇಕೋ ತಡೆಯಬೇಕೋ ಅಂತ ತೀರ್ಮಾನಿಸುವ ಪದರ. ನಿಮ್ಮಲ್ಲಿ ತುಂಬಾ ಜನ ಇದನ್ನು ಮೊದಲು ಕನ್ಸೋಲ್‌ನಲ್ಲಿ ಕ್ಲಿಕ್ ಮಾಡಿ ಆನ್ ಮಾಡಿರುತ್ತೀರಿ. ಆಮೇಲೆ ಆಡಿಟ್‌ನವರು ಕೇಳಿದರು ಅಂತ ಟೆರಾಫಾರ್ಮ್‌ಗೋ ಕ್ಲೌಡ್‌ಫಾರ್ಮೇಶನ್‌ಗೋ, ಅಂದರೆ ಸೆಟಪ್ಪನ್ನು ಕೋಡ್ ಆಗಿ ಬರೆದಿಡುವ ಟೂಲ್‌ಗೆ, ತಂದಿರುತ್ತೀರಿ. ತಂದ ದಿನದಿಂದ ತಲೆನೋವು ಶುರು, ಅಲ್ವಾ?

ನನ್ನ ಮಾತು ಇಷ್ಟೇ. ಎಪಿಐ (ಪ್ರೋಗ್ರಾಂಗಳು ಸೇವೆಯ ಜೊತೆ ಮಾತಾಡುವ ದಾರಿ) ಕೊಡುವ ಜೇಸನ್ (ಡೇಟಾ ಬರೆಯುವ ಒಂದು ಪಠ್ಯ ರೂಪ) ಆಕಾರವನ್ನೇ ನಿಮ್ಮ ಕೋಡ್‌ನ ಆಕಾರ ಮಾಡಿಕೊಳ್ಳಬೇಡಿ. ಆ ಜೇಸನ್ ಹೇಳದೇ ಬಿಟ್ಟ ಕಟ್ಟುಪಾಡುಗಳು ಬಹಳ ಇವೆ. ಅವೆಲ್ಲ ಡಾಕ್ಯುಮೆಂಟೇಶನ್‌ನ ವಾಕ್ಯಗಳಲ್ಲಿ ಅಡಗಿ ಕೂತಿವೆ. ಆ ವಾಕ್ಯಗಳನ್ನು ಟೈಪ್‌ಗಳಾಗಿ, ಫಂಕ್ಷನ್‌ಗಳಾಗಿ ಬರೆದುಕೊಂಡರೆ ಡಿಪ್ಲಾಯ್ ಹೊತ್ತಿಗೆ ಒಡೆಯುವುದು ಎಡಿಟರ್‌ನಲ್ಲೇ ಕೆಂಪು ಗೆರೆಯಾಗಿ ಕಾಣುತ್ತದೆ.

ಸ್ವಲ್ಪ ಹಿನ್ನೆಲೆ. ಈ ಸೇವೆ ಬಂದದ್ದು 2015ರಲ್ಲಿ. ಆಗಿನ ರೂಪದಲ್ಲಿ ಎಲ್ಲವೂ ಬಿಡಿ ಬಿಡಿ. ಸ್ಟ್ರಿಂಗ್ ಹೋಲಿಕೆಗೆ ಒಂದು ಸೆಟ್, ಐಪಿಗೆ ಒಂದು ಸೆಟ್, ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ, ಅಂದರೆ ಇನ್‌ಪುಟ್‌ನಲ್ಲಿ ಡೇಟಾಬೇಸ್ ಆದೇಶ ತುರುಕುವ ದಾಳಿಗೆ, ಇನ್ನೊಂದು. ರೂಲ್ ಅನ್ನುವುದು ಇವುಗಳ ಐಡಿಗಳನ್ನು ಸೇರಿಸಿ ಕಟ್ಟಿದ್ದು. 2019ರ ನವೆಂಬರ್‌ನಲ್ಲಿ ಎರಡನೇ ಆವೃತ್ತಿ ಬಂತು. ಅದರಲ್ಲಿ ಷರತ್ತುಗಳು ರೂಲ್‌ನ ಒಳಗೇ ಮರದ ಹಾಗೆ ಕೂರುತ್ತವೆ. ಹಳೆಯದಕ್ಕೆ ಕ್ಲಾಸಿಕ್ ಅಂತ ಹೆಸರಿಟ್ಟು 2025ರ ಸೆಪ್ಟೆಂಬರ್ 30ಕ್ಕೆ ಬೆಂಬಲ ನಿಲ್ಲಿಸಿದರು. ಹಾಗಾಗಿ ಇನ್ನು ಮುಂದೆ ನಾನು ಹೇಳುವುದೆಲ್ಲ ಎರಡನೇ ಆವೃತ್ತಿಯ ಬಗ್ಗೆಯೇ.

ಇದರಲ್ಲಿ ಮೇಲಿನ ಹಂತ ವೆಬ್ ಎಸಿಎಲ್. ಅದನ್ನು ಲೋಡ್ ಬ್ಯಾಲೆನ್ಸರ್‌ಗೋ (ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವಂಥದ್ದು) ಕ್ಲೌಡ್‌ಫ್ರಂಟ್‌ಗೋ (ಪುಟಗಳನ್ನು ಬಳಕೆದಾರರ ಹತ್ತಿರದಿಂದ ಕೊಡುವ ಎಡಬ್ಲ್ಯೂಎಸ್ ಸೇವೆ) ಅಂಟಿಸುತ್ತೇವೆ. ಅದರೊಳಗೆ ರೂಲ್‌ಗಳು. ಕೆಲವು ರೂಲ್ ನಾವೇ ಅಲ್ಲೇ ಬರೆದದ್ದು, ಕೆಲವು ಒಂದು ರೂಲ್ ಗ್ರೂಪ್‌ಗೆ ಕೈ ತೋರಿಸುವಂಥವು. ಗ್ರೂಪ್ ನಮ್ಮದೇ ಇರಬಹುದು, ಎಡಬ್ಲ್ಯೂಎಸ್ ನಡೆಸುವ ಮ್ಯಾನೇಜ್ಡ್ ಗ್ರೂಪ್ ಇರಬಹುದು. ಚಿಕ್ಕ ಪ್ರಯಾರಿಟಿ ನಂಬರ್ ಇರುವ ರೂಲ್ ಮೊದಲು ಓಡುತ್ತದೆ. ಅಲೋ ಅಥವಾ ಬ್ಲಾಕ್ ಬಂದರೆ ಅಲ್ಲಿಗೆ ಮುಗಿಯಿತು. ಕೌಂಟ್ ಆದರೆ ಎಣಿಸಿಕೊಂಡು ಮುಂದೆ ಹೋಗುತ್ತದೆ.

ಎಲ್ಲವೂ ಐಚ್ಛಿಕ ಅನ್ನುವ ಸುಳ್ಳು

ಈಗ ಸ್ಟೇಟ್‌ಮೆಂಟ್ ಅನ್ನುವ ಟೈಪನ್ನು ನೋಡಿ. ರೂಲ್‌ನ ಷರತ್ತು ಇರುವುದು ಇಲ್ಲೇ. ಎಪಿಐ ಪ್ರಕಾರ ಇದರಲ್ಲಿ ಬೈಟ್ ಮ್ಯಾಚ್ (ಸ್ಟ್ರಿಂಗ್ ಹೋಲಿಕೆ), ಜಿಯೋ ಮ್ಯಾಚ್ (ಯಾವ ದೇಶದಿಂದ), ಐಪಿ ಸೆಟ್, ಎಸ್‌ಕ್ಯೂಎಲ್‌ಐ (ಎಸ್‌ಕ್ಯೂಎಲ್ ಇಂಜೆಕ್ಷನ್), ಎಕ್ಸ್‌ಎಸ್‌ಎಸ್ (ಪುಟಕ್ಕೆ ಸ್ಕ್ರಿಪ್ಟ್ ತುರುಕುವ ದಾಳಿ), ರೇಟ್ ಬೇಸ್ಡ್ (ರಿಕ್ವೆಸ್ಟ್‌ಗಳು ಬರುವ ವೇಗ), ಆ್ಯಂಡ್, ಆರ್, ನಾಟ್, ಲೇಬಲ್ ಮ್ಯಾಚ್ (ಹಿಂದಿನ ರೂಲ್ ರಿಕ್ವೆಸ್ಟ್‌ಗೆ ಅಂಟಿಸಿದ ಗುರುತು), ಮ್ಯಾನೇಜ್ಡ್ ರೂಲ್ ಗ್ರೂಪ್ ಅಂತ ಉದ್ದದ ಸಾಲು ಫೀಲ್ಡ್‌ಗಳಿವೆ. ಎಲ್ಲಕ್ಕೂ ಪಕ್ಕದಲ್ಲಿ 'ಕಡ್ಡಾಯವಲ್ಲ' ಅಂತ ಬರೆದಿದೆ. ನಿಜ ಏನೆಂದರೆ ಅದರಲ್ಲಿ ಸರಿಯಾಗಿ ಒಂದನ್ನು ತುಂಬಲೇಬೇಕು. ಎರಡು ತುಂಬಿದರೂ ತಪ್ಪು, ಯಾವುದೂ ತುಂಬದಿದ್ದರೂ ತಪ್ಪು. ಇಪ್ಪತ್ತು ಖಾನೆಗಳ ರೇಷನ್ ಕಾರ್ಡ್ ಫಾರ್ಮ್ ಕೊಟ್ಟು, ಯಾವುದೋ ಒಂದು ಖಾನೆ ಮಾತ್ರ ತುಂಬಿ, ಯಾವುದು ಅಂತ ನೀವೇ ನೋಡಿಕೊಳ್ಳಿ ಅಂದ ಹಾಗೆ. ತಪ್ಪಿದರೆ ಬರುವ ಎರರ್ ಕೂಡ ಹಾಗೇ ಇರುತ್ತದೆ: ಒಂದೇ ಮೌಲ್ಯ ಬೇಕಾದ ಕಡೆ ನೀವು ಒಂದನ್ನೂ ಕೊಟ್ಟಿಲ್ಲ ಅಥವಾ ಹಲವನ್ನು ಕೊಟ್ಟಿದ್ದೀರಿ. ಯಾವ ರೂಲ್, ಎಷ್ಟನೇ ಆಳದಲ್ಲಿ, ಅದನ್ನು ಹುಡುಕುವುದು ನಿಮ್ಮ ಕೆಲಸ.

ಆ್ಯಕ್ಷನ್ ವಿಷಯದಲ್ಲೂ ಇದೇ ಕಥೆ. ಸಾಮಾನ್ಯ ರೂಲ್‌ಗೆ ಆ್ಯಕ್ಷನ್ ಅನ್ನುವ ಫೀಲ್ಡ್ ಬೇಕು. ಗ್ರೂಪ್‌ಗೆ ಕೈ ತೋರಿಸುವ ರೂಲ್‌ಗೆ ಅದು ಇರಬಾರದು, ಅದರ ಬದಲು ಓವರ್‌ರೈಡ್ ಆ್ಯಕ್ಷನ್ ಬೇಕು. ಎರಡೂ ಒಂದೇ ಟೈಪ್‌ನೊಳಗೆ ಅಕ್ಕಪಕ್ಕ ಕೂತಿವೆ, ಎರಡೂ ಐಚ್ಛಿಕ.

ಇಲ್ಲಿ ಇರುವುದು ಎರಡು ಬೇರೆ ಜಾತಿಯ ವಸ್ತುಗಳು. ಒಂದು, ತಾನೇ ತೀರ್ಮಾನ ಮಾಡುವ ರೂಲ್. ಇನ್ನೊಂದು, ತೀರ್ಮಾನವನ್ನು ಬೇರೆ ಗ್ರೂಪ್‌ಗೆ ಒಪ್ಪಿಸುವ ರೂಲ್. ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ಟೈಪ್ ಮಾಡಿದ್ದಾರೆ. ಇದು ಬರೀ ಅಂದಚೆಂದದ ತಕರಾರು ಅಂದುಕೊಳ್ಳಬೇಡಿ. ಬೇರೆ ಕಂಪನಿಯ, ಬೇರೆ ಫೈರ್‌ವಾಲ್‌ನ ಒಂದು ಘಟನೆ ಹೇಳುತ್ತೇನೆ. ಕ್ಲೌಡ್‌ಫ್ಲೇರ್‌ನವರು ತಾವೇ ವಿವರವಾಗಿ ಬರೆದು ಪ್ರಕಟಿಸಿದ್ದು.

2025ರ ಡಿಸೆಂಬರ್ 5. ರಿಯಾಕ್ಟ್ ಸರ್ವರ್ ಕಾಂಪೊನೆಂಟ್ಸ್‌ನಲ್ಲಿ ದೊಡ್ಡ ಭದ್ರತಾ ದೋಷ ಹೊರಬಿದ್ದಿತ್ತು. ಗ್ರಾಹಕರನ್ನು ಕಾಪಾಡಲು ಅವರು ರಿಕ್ವೆಸ್ಟ್‌ನ ಬಾಡಿಯನ್ನು, ಅಂದರೆ ಅದು ಹೊತ್ತು ತರುವ ಡೇಟಾವನ್ನು, ವ್ಯಾಫ್ ಓದುವ ಬಫರ್ ಗಾತ್ರವನ್ನು ಹೆಚ್ಚಿಸುತ್ತಿದ್ದರು. ರೂಲ್‌ಗಳನ್ನು ಪರೀಕ್ಷಿಸುವ ಅವರ ಒಳಗಿನ ಟೂಲ್‌ಗೆ ಆ ಹೊಸ ಗಾತ್ರ ಒಗ್ಗಲಿಲ್ಲ. ಗ್ರಾಹಕರಿಗೆ ಅದರಿಂದ ಏನೂ ಆಗಬೇಕಿಲ್ಲವಲ್ಲ, ಸದ್ಯಕ್ಕೆ ಆಫ್ ಮಾಡೋಣ ಅಂತ ಮಾಡಿದರು. ಆಫ್ ಮಾಡಿದ ವ್ಯವಸ್ಥೆ ಹಂತ ಹಂತವಾಗಿ ಹರಡುವಂಥದ್ದಲ್ಲ, ಎಲ್ಲ ಸರ್ವರ್‌ಗಳಿಗೂ ಸೆಕೆಂಡುಗಳಲ್ಲಿ ಹೋಗುವಂಥದ್ದು. ಅವರ ಹಳೆಯ ಪ್ರಾಕ್ಸಿಯಲ್ಲಿ (ಮಧ್ಯೆ ನಿಂತು ರಿಕ್ವೆಸ್ಟ್ ದಾಟಿಸುವ ಸಾಫ್ಟ್‌ವೇರ್) ರೂಲ್‌ಗೆ 'ಎಕ್ಸಿಕ್ಯೂಟ್' ಅನ್ನುವ ಆ್ಯಕ್ಷನ್ ಇರಬಹುದು. ಅದರ ಅರ್ಥ ಇನ್ನೊಂದು ರೂಲ್‌ಸೆಟ್‌ಗೆ ಕೆಲಸ ಒಪ್ಪಿಸು ಅಂತ. ಆಫ್ ಸ್ವಿಚ್ ಆ ರೂಲನ್ನು ಸರಿಯಾಗಿಯೇ ಬಿಟ್ಟು ಮುಂದೆ ಹೋಯಿತು. ಆದರೆ ಆಮೇಲೆ ಬರುವ ಲುವಾ ಕೋಡ್, ಆ್ಯಕ್ಷನ್ 'ಎಕ್ಸಿಕ್ಯೂಟ್' ಆಗಿದ್ದರೆ ಅದರ ಫಲಿತಾಂಶದ ಆಬ್ಜೆಕ್ಟ್ ಇದ್ದೇ ಇರುತ್ತದೆ ಅಂತ ನಂಬಿಕೊಂಡಿತ್ತು. ರೂಲ್ ಓಡಲೇ ಇಲ್ಲವಲ್ಲ, ಆಬ್ಜೆಕ್ಟ್ ಎಲ್ಲಿಂದ ಬರಬೇಕು? ಇಲ್ಲದ ವಸ್ತುವನ್ನು ಮುಟ್ಟಿದ ನಿಲ್ ಎರರ್, ಸರ್ವರ್ ಸೋತಿತು ಅನ್ನುವ 500 ಉತ್ತರ. ಅವರು ನಿಭಾಯಿಸುವ ಎಚ್‌ಟಿಟಿಪಿ ಟ್ರಾಫಿಕ್‌ನಲ್ಲಿ ಸುಮಾರು 28% ಗೆ, ಸುಮಾರು 25 ನಿಮಿಷ.

ಆ ದೋಷ ವರ್ಷಗಟ್ಟಲೆ ಅಲ್ಲೇ ಇತ್ತು. ಒಪ್ಪಿಸುವ ರೂಲ್ ಮೇಲೆ ಆ ಸ್ವಿಚ್ಚನ್ನು ಅದುವರೆಗೆ ಯಾರೂ ಒತ್ತಿರಲಿಲ್ಲ, ಅಷ್ಟೇ. ರಸ್ಟ್‌ನಲ್ಲಿ ಬರೆದ ಹೊಸ ಪ್ರಾಕ್ಸಿಯಲ್ಲಿ ಅದೇ ಬದಲಾವಣೆಗೆ ಏನೂ ಆಗಲಿಲ್ಲ. ಇಂಥ ತಪ್ಪನ್ನು ಗಟ್ಟಿ ಟೈಪ್ ಇರುವ ಭಾಷೆ ತಡೆಯುತ್ತದೆ ಅಂತ ಅವರೇ ಬರೆದಿದ್ದಾರೆ. ಸಾಮಾನ್ಯ ರೂಲ್, ಒಪ್ಪಿಸುವ ರೂಲ್: ಈ ಎರಡನ್ನು ಕೋಡ್ ಬೇರೆ ಮಾಡಿ ನೋಡದಿದ್ದರೆ ಏನಾಗಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಹೇಗೆ ಬರೆಯಬೇಕು

ನಾನು ಟೈಪ್‌ಸ್ಕ್ರಿಪ್ಟ್‌ನಲ್ಲಿ ತೋರಿಸಿದೆ. ಗೋ, ಪೈಥಾನ್ ಯಾವುದಾದರೂ ಆದೀತು. ಕೊನೆಯಲ್ಲಿ ಹೊರಗೆ ಬರುವುದು ಅದೇ ಜೇಸನ್. ಆದರೆ ಮನುಷ್ಯರು ಬರೆಯುವ ಜಾಗದಲ್ಲಿ ನಾಲ್ಕು ಟೈಪ್ ಇರಲಿ.

ಮೊದಲನೆಯದು ಎಲೆ. ಬೈಟ್ ಮ್ಯಾಚ್, ಐಪಿ ಸೆಟ್, ಜಿಯೋ, ಲೇಬಲ್, ಗಾತ್ರ, ಹೀಗೆ ಒಳಗೆ ಇನ್ನೇನೂ ಇಲ್ಲದವು. ಎರಡನೆಯದು ಕೊಂಬೆ: ಆ್ಯಂಡ್, ಆರ್, ನಾಟ್. ಆ್ಯಂಡ್‌ಗೆ ಕನಿಷ್ಠ ಎರಡು ಷರತ್ತು ಬೇಕು. ಅದನ್ನು ಫಂಕ್ಷನ್‌ನ ಸಹಿಯಲ್ಲೇ ಹೇಳಿಬಿಡಿ: ಮೊದಲನೆಯದು, ಎರಡನೆಯದು, ಆಮೇಲೆ ಬೇಕಾದಷ್ಟು. ಆಗ ಲೂಪ್ ಓಡಿಸಿ ಕಟ್ಟಿದ ಪಟ್ಟಿಯಲ್ಲಿ ಒಂದೇ ಐಟಂ ಉಳಿದುಕೊಂಡು ಡಿಪ್ಲಾಯ್ ಬೀಳುವ ಪ್ರಸಂಗ ಇರುವುದಿಲ್ಲ. ಮೂರನೆಯದು ರೇಟ್ ಬೇಸ್ಡ್. ಇದು ರೂಲ್‌ನ ತಲೆಯಲ್ಲಿ ಮಾತ್ರ ಕೂರಬಹುದು, ಆ್ಯಂಡ್ ಒಳಗೆ ತುರುಕುವಂತಿಲ್ಲ. ಷರತ್ತು ಬೇಕಿದ್ದರೆ ಅದರದೇ ಸ್ಕೋಪ್-ಡೌನ್ ಸ್ಟೇಟ್‌ಮೆಂಟ್ ಇದೆ. ನಾಲ್ಕನೆಯದು ಒಪ್ಪಿಸುವ ರೂಲ್. ಇದು ವೆಬ್ ಎಸಿಎಲ್‌ನಲ್ಲಿ ಮಾತ್ರ. ಗ್ರೂಪ್‌ನ ಒಳಗೆ ಇನ್ನೊಂದು ಗ್ರೂಪ್ ಇಡುವಂತಿಲ್ಲ ಅಂತ ಡಾಕ್ಯುಮೆಂಟೇಶನ್ ಹೇಳುತ್ತದೆ. ಗ್ರೂಪ್ ಕಟ್ಟುವ ಫಂಕ್ಷನ್ ಈ ನಾಲ್ಕನೇ ಟೈಪನ್ನು ತೆಗೆದುಕೊಳ್ಳದಿದ್ದರೆ ಆ ವಾಕ್ಯವನ್ನು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ.

ಓವರ್‌ರೈಡ್ ಆ್ಯಕ್ಷನ್‌ಗೆ ಎರಡೇ ಮೌಲ್ಯ: ನನ್ (ಇಂಗ್ಲಿಷ್‌ನ None), ಕೌಂಟ್. ನನ್ ಅಂತ ಇದ್ದರೆ ಗ್ರೂಪ್ ಏನೂ ಮಾಡುವುದಿಲ್ಲ ಅಂದುಕೊಳ್ಳುವವರು ಬಹಳ ಜನ. ನಿಜಕ್ಕೂ ಅದು 'ನಾನು ಮಧ್ಯೆ ಬರುವುದಿಲ್ಲ, ಗ್ರೂಪ್ ಹೇಳಿದಂತೆ ಆಗಲಿ' ಅಂತ. ಅಂದರೆ ಪೂರ್ತಿ ತಡೆಯುವ ಸ್ಥಿತಿ. ನಿಮ್ಮ ಕೋಡ್‌ನಲ್ಲಿ ಇದಕ್ಕೆ ಬೇರೆ ಹೆಸರಿಡಿ. 'ಗ್ರೂಪ್ ಹೇಳಿದಂತೆ', 'ಎಣಿಸು ಸಾಕು' ಅಂತಿಟ್ಟರೂ ಸರಿ. ಕೋಡ್ ರಿವ್ಯೂ ಮಾಡುವವರು ಹರಸುತ್ತಾರೆ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ಇದೆ. ಹೊಸ ಮ್ಯಾನೇಜ್ಡ್ ಗ್ರೂಪ್ ಹಾಕುವಾಗ ಎಲ್ಲರೂ ಮೊದಲು ಕೌಂಟ್‌ನಲ್ಲಿ ಇಟ್ಟು ನೋಡುತ್ತೇವೆ, ಒಳ್ಳೆಯದೇ. ಆದರೆ ಗ್ರೂಪ್ ಮಟ್ಟದಲ್ಲಿ ಕೌಂಟ್ ಇಟ್ಟರೆ ಒಳಗಿನ ರೂಲ್‌ಗಳು ತಮ್ಮ ಬ್ಲಾಕ್ ಸ್ವಭಾವ ಬಿಡುವುದಿಲ್ಲ. ಮೊದಲು ಹೊಂದಿದ ಬ್ಲಾಕ್ ರೂಲ್‌ನಲ್ಲೇ ಗ್ರೂಪ್ ನಿಲ್ಲುತ್ತದೆ, ಹೊರಗೆ ಬರುವಾಗ ಮಾತ್ರ ಆ ಫಲಿತಾಂಶ ಕೌಂಟ್ ಆಗುತ್ತದೆ. ಅದರ ನಂತರದ ರೂಲ್‌ಗಳು ಓಡಿರುವುದೇ ಇಲ್ಲ. ಎರಡು ವಾರ ಲಾಗ್ ನೋಡಿ 'ಒಂದೇ ರೂಲ್ ತೊಂದರೆ ಕೊಡುತ್ತಿದೆ' ಅಂದುಕೊಂಡು, ಅದೊಂದನ್ನು ಬಿಟ್ಟು ಬ್ಲಾಕ್ ಆನ್ ಮಾಡಿದರೆ ಹಿಂದೆ ಅಡಗಿದ್ದ ಎರಡನೆಯದು ಎದ್ದು ಬರುತ್ತದೆ. ಒಂದೊಂದು ರೂಲ್‌ಗೂ ಬೇರೆ ಬೇರೆಯಾಗಿ ಕೌಂಟ್ ಓವರ್‌ರೈಡ್ ಕೊಟ್ಟರೆ ಎಲ್ಲವೂ ಓಡುತ್ತವೆ. ಹಾಗಾಗಿ ನಿಮ್ಮ 'ಪ್ರಯೋಗಕ್ಕೆ ಇಡು' ಅನ್ನುವ ಫಂಕ್ಷನ್ ಈ ಎರಡನೇ ದಾರಿ ಹಿಡಿಯಲಿ.

ಎಲೆಯ ಮಟ್ಟದಲ್ಲೂ ಕೋಡ್ ಕಾಪಾಡಬಹುದು. ಬೈಟ್ ಮ್ಯಾಚ್‌ಗೆ ಟೆಕ್ಸ್ಟ್ ಟ್ರಾನ್ಸ್‌ಫಾರ್ಮೇಶನ್ ಕೊಡುತ್ತೇವೆ, ಉದಾಹರಣೆಗೆ ಲೋವರ್‌ಕೇಸ್ (ಇಂಗ್ಲಿಷ್ ಅಕ್ಷರಗಳನ್ನೆಲ್ಲ ಚಿಕ್ಕದು ಮಾಡು). ಅದು ನಡೆಯುವುದು ಬಂದ ರಿಕ್ವೆಸ್ಟ್ ಮೇಲೆ ಮಾತ್ರ, ನೀವು ಹುಡುಕುವ ಸ್ಟ್ರಿಂಗ್ ಮೇಲಲ್ಲ. ಹುಡುಕುವ ಸ್ಟ್ರಿಂಗ್‌ನಲ್ಲಿ ಒಂದೇ ಒಂದು ದೊಡ್ಡ ಅಕ್ಷರ ಇದ್ದರೂ ಆ ರೂಲ್ ಜನ್ಮದಲ್ಲಿ ಹೊಂದುವುದಿಲ್ಲ. ನೋಡಲು ಮಾತ್ರ ಸರಿಯಾಗೇ ಇರುತ್ತದೆ. ಇದನ್ನು ಹಿಡಿಯುವ ಚೆಕ್ ಮೂರು ಸಾಲಿನದು.

ಕನ್ನಡದಲ್ಲಿ ಬರೆದ ದೂರು

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಎಡಬ್ಲ್ಯೂಎಸ್‌ನ ಕಾಮನ್ ರೂಲ್ ಸೆಟ್ ಎಲ್ಲರೂ ಹಾಕಿಕೊಳ್ಳುವ ಗ್ರೂಪ್. ಅದರಲ್ಲಿ ಗಾತ್ರ ನೋಡುವ ರೂಲ್‌ಗಳಿವೆ. ಬಾಡಿ 8,192 ಬೈಟ್ ಮೀರಿದರೆ ಬ್ಲಾಕ್. ಕ್ವೆರಿ ಸ್ಟ್ರಿಂಗ್ (ವಿಳಾಸದಲ್ಲಿ ಪ್ರಶ್ನೆ ಚಿಹ್ನೆಯ ನಂತರದ ಭಾಗ) 2,048 ಬೈಟ್ ಮೀರಿದರೆ ಬ್ಲಾಕ್. ಫೋಟೊ ಅಪ್‌ಲೋಡ್ ಮಾಡುವಾಗ 403 (ಪ್ರವೇಶವಿಲ್ಲ ಅನ್ನುವ ಉತ್ತರ) ಬಂದು ಈ ಬಾಡಿ ರೂಲ್‌ನ ಪರಿಚಯ ನಿಮಗೆಲ್ಲ ಆಗಿರುತ್ತದೆ.

ಫೋಟೊ ಬಿಡಿ. ಬರೀ ಅಕ್ಷರ ಇರುವ ಒಂದು ಫಾರ್ಮ್ ತೆಗೆದುಕೊಳ್ಳಿ. ನಾಗರಿಕರು ದೂರು ಬರೆಯುವ ಪುಟ, ಸಾದಾ ಎಚ್‌ಟಿಎಂಎಲ್ ಫಾರ್ಮ್. ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್. ಫಾರ್ಮ್ ಅದನ್ನು ಕಳಿಸುವಾಗ ಒಂದೊಂದು ಬೈಟನ್ನೂ ಪರ್ಸೆಂಟ್ ಚಿಹ್ನೆ ಮತ್ತು ಎರಡು ಅಂಕಿಯಾಗಿ ಬರೆಯುತ್ತದೆ. ಅಂದರೆ ಒಂದು ಸಂಕೇತಕ್ಕೆ 9 ಬೈಟ್. 'ಬೆಂಗಳೂರು' ಅನ್ನಲು 8 ಸಂಕೇತ ಬೇಕು: ಬ, ಎತ್ವ, ಸೊನ್ನೆ, ಗ, ಳ, ಊತ್ವ, ರ, ಉತ್ವ. ತಂತಿಯ ಮೇಲೆ ಅದು 72 ಬೈಟ್. ಇಂಗ್ಲಿಷ್‌ನಲ್ಲಿ ಬರೆದರೆ 9. 'ಕ್ಷಿ' ಅನ್ನುವ ಒಂದೇ ಅಕ್ಷರ 36 ಬೈಟ್ ತಿನ್ನುತ್ತದೆ.

ಲೆಕ್ಕ ಹಾಕಿ. 'ಬೆಂಗಳೂರು' ಅಳತೆಯ ಪದಗಳಾದರೆ, ನಡುವಿನ ಖಾಲಿ ಜಾಗ ಸೇರಿಸಿ, ಸುಮಾರು 112 ಪದಕ್ಕೆ ಬಾಡಿ ಮಿತಿ ಮುಗಿಯಿತು. ಕ್ವೆರಿ ಸ್ಟ್ರಿಂಗ್ ಆದರೆ 28 ಪದ. ಮನೆ ಮುಂದಿನ ಚರಂಡಿ ಬಗ್ಗೆ ಸಿಟ್ಟಿನಲ್ಲಿ ಬರೆಯುವವರು 112 ಪದಕ್ಕೆ ನಿಲ್ಲಿಸುತ್ತಾರಾ? ಅದೇ ದೂರನ್ನು ಇಂಗ್ಲಿಷ್‌ನಲ್ಲಿ ಬರೆದವರದು ಸಲೀಸಾಗಿ ಹೋಗುತ್ತದೆ. ಟೆಸ್ಟಿಂಗ್ ಮಾಡಿದವರು 'ಟೆಸ್ಟ್ ಟೆಸ್ಟ್' ಅಂತ ಟೈಪ್ ಮಾಡಿ ನೋಡಿರುತ್ತಾರೆ. ಅಷ್ಟಕ್ಕೇ ಬಿಟ್ಟರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಫಾರ್ಮ್ ಬದಲು ಜೇಸನ್‌ನಲ್ಲಿ ನೇರ ಯುಟಿಎಫ್-8 ಕಳಿಸಿದರೆ ಮೂರು ಪಟ್ಟು ಜಾಗ ಸಿಗುತ್ತದೆ, ಆದರೆ ಅದು ಫ್ರಂಟೆಂಡ್‌ನವರ ಕೈಯಲ್ಲಿದೆ. ವ್ಯಾಫ್ ಕಡೆಯಿಂದ ಪರಿಹಾರ ಹೀಗೆ. ಕಾಮನ್ ರೂಲ್ ಸೆಟ್‌ನ ಆ ಒಂದು ರೂಲನ್ನು ಕೌಂಟ್‌ಗೆ ಇಳಿಸಿ. ಕೌಂಟ್ ಆದರೂ ಅದು ರಿಕ್ವೆಸ್ಟ್‌ಗೆ ಒಂದು ಲೇಬಲ್ ಅಂಟಿಸಿ ಹೋಗುತ್ತದೆ. ಆಮೇಲೆ ಓಡುವ ನಿಮ್ಮದೇ ರೂಲ್‌ನಲ್ಲಿ, ಆ ಲೇಬಲ್ ಇದೆ ಮತ್ತು ಯುಆರ್‌ಐ ದೂರಿನ ಪಥದಿಂದ ಶುರುವಾಗುವುದಿಲ್ಲ ಅಂದರೆ ಬ್ಲಾಕ್ ಅಂತ ಬರೆಯಿರಿ. ಆ್ಯಂಡ್ ಒಳಗೆ ಲೇಬಲ್ ಮತ್ತು ನಾಟ್, ನಾಟ್ ಒಳಗೆ ಬೈಟ್ ಮ್ಯಾಚ್. ಮಿತಿ ಉಳಿದ ಪುಟಗಳಿಗೆ ಹಾಗೇ ಇರುತ್ತದೆ, ದೂರಿನ ಪುಟಕ್ಕೆ ಮಾತ್ರ ರಿಯಾಯಿತಿ. ಇಡೀ ರೂಲ್ ಸೆಟ್ಟನ್ನೇ ತೆಗೆದುಬಿಡುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ.

ಹೀಗೆ ಬಿಟ್ಟ ಪುಟದಲ್ಲಿ ಇನ್ನೊಂದನ್ನು ಗಮನಿಸಿ. ಲೋಡ್ ಬ್ಯಾಲೆನ್ಸರ್ ಮುಂದಿನ ವ್ಯಾಫ್ ಬಾಡಿಯ ಮೊದಲ 8 ಕೆಬಿ ಮಾತ್ರ ನೋಡುತ್ತದೆ. ಅದಕ್ಕಿಂತ ಉದ್ದ ಬಂದರೆ ಏನು ಮಾಡಬೇಕು ಅನ್ನುವುದು ಓವರ್‌ಸೈಜ್ ಹ್ಯಾಂಡ್ಲಿಂಗ್ ಅನ್ನುವ ಆಯ್ಕೆ: ಸಿಕ್ಕಷ್ಟು ನೋಡು, ಹೊಂದಿದೆ ಅಂದುಕೋ, ಹೊಂದಿಲ್ಲ ಅಂದುಕೋ. ನಿಮ್ಮ ಬಾಡಿ ಎಲೆಗೆ ಇದನ್ನು ಡಿಫಾಲ್ಟ್ ಇಲ್ಲದ ಕಡ್ಡಾಯ ಆರ್ಗ್ಯುಮೆಂಟ್ ಮಾಡಿ. ಬರೆಯುವವರು ಒಂದು ಕ್ಷಣ ಯೋಚಿಸಲಿ.

ಬದಲಾಯಿಸಲಾಗದ ಒಂದು ಸಂಖ್ಯೆ

ರೂಲ್ ಗ್ರೂಪ್ ಸೃಷ್ಟಿಸುವಾಗ ಅದರ ಕೆಪ್ಯಾಸಿಟಿ ಹೇಳಬೇಕು. ಅಳತೆ ಡಬ್ಲ್ಯೂಸಿಯು, ಅಂದರೆ ರೂಲ್ ಓಡಿಸಲು ಬೇಕಾದ ಶ್ರಮದ ಏಕಮಾನ. ಜಿಯೋ ಮ್ಯಾಚ್‌ಗೆ 1, 'ಇದರಿಂದ ಶುರು' ಅನ್ನುವ ಬೈಟ್ ಮ್ಯಾಚ್‌ಗೆ 2, 'ಇದನ್ನು ಒಳಗೊಂಡಿದೆ' ಅನ್ನುವುದಕ್ಕೆ 10, ಎಕ್ಸ್‌ಎಸ್‌ಎಸ್‌ಗೆ 40, ಟೆಕ್ಸ್ಟ್ ಟ್ರಾನ್ಸ್‌ಫಾರ್ಮೇಶನ್ ಒಂದಕ್ಕೆ 10. ನಮ್ಮ ದೂರಿನ ರೂಲ್‌ಗೆ ಲೇಬಲ್ 1, ಬೈಟ್ ಮ್ಯಾಚ್ 2, ಒಟ್ಟು 3. ಲೋವರ್‌ಕೇಸ್ ಸೇರಿಸಿದರೆ 13. ಒಂದು ವೆಬ್ ಎಸಿಎಲ್‌ಗೆ ಗರಿಷ್ಠ 5,000. ಅದರಲ್ಲಿ 1,500ರ ತನಕ ಮಾಮೂಲಿ ದರ, ಮೇಲೆ ಹೋದರೆ ಜಾಸ್ತಿ ದುಡ್ಡು. ಕಾಮನ್ ರೂಲ್ ಸೆಟ್ ಒಂದೇ 700 ತಿನ್ನುತ್ತದೆ. ಎಡಬ್ಲ್ಯೂಎಸ್‌ನ ಇನ್ನೆರಡು ಗ್ರೂಪ್: ನೋನ್ ಬ್ಯಾಡ್ ಇನ್‌ಪುಟ್ಸ್ 200, ಎಸ್‌ಕ್ಯೂಎಲ್ ಸೆಟ್ 200. ಈ ಮೂರಕ್ಕೇ 1,100 ಆಯಿತು, ಮಾಮೂಲಿ ದರದಲ್ಲಿ ಉಳಿದದ್ದು 400.

ಸೃಷ್ಟಿಸಿದ ಮೇಲೆ ಗ್ರೂಪ್‌ನ ಕೆಪ್ಯಾಸಿಟಿ ಬದಲಾಗುವುದಿಲ್ಲ. ಟೆರಾಫಾರ್ಮ್‌ನಲ್ಲಿ ಆ ಸಂಖ್ಯೆ ಮುಟ್ಟಿದರೆ ಹಳೆಯದನ್ನು ಅಳಿಸಿ ಹೊಸದು ಕಟ್ಟಲು ಹೋಗುತ್ತದೆ. ಆದರೆ ವೆಬ್ ಎಸಿಎಲ್ ಹಿಡಿದುಕೊಂಡಿರುವ ಗ್ರೂಪನ್ನು ಅಳಿಸಲು ಎಡಬ್ಲ್ಯೂಎಸ್ ಬಿಡುವುದಿಲ್ಲ. ಸರಿ, ಹೊಸದನ್ನು ಮೊದಲು ಕಟ್ಟಿ ಆಮೇಲೆ ಹಳೆಯದು ಅಳಿಸು ಅಂದರೆ, ಅದೇ ಹೆಸರಿನಲ್ಲಿ ಎರಡು ಗ್ರೂಪ್ ಇರುವಂತಿಲ್ಲ. ಎರಡೂ ಕಡೆ ಬಾಗಿಲು ಮುಚ್ಚಿದೆ.

ಎಲ್ಲರೂ ಮಾಡುವ ಉಪಾಯ, ಹೆಸರಿನ ಕೊನೆಗೆ ವಿ1, ವಿ2 ಅಂತ ಸೇರಿಸುವುದು. ಕೆಲಸ ಆಗುತ್ತದೆ. ಆದರೆ ನಿಮ್ಮ ಗ್ರೂಪ್ ಅಂಟಿಸುವ ಲೇಬಲ್‌ನ ಪೂರ್ತಿ ಹೆಸರಿನಲ್ಲಿ ಅಕೌಂಟ್ ನಂಬರ್ ಜೊತೆ ಗ್ರೂಪ್‌ನ ಹೆಸರೂ ಇದೆ. ಗ್ರೂಪ್ ವಿ2 ಆದ ಕೂಡಲೇ ಲೇಬಲ್‌ಗಳ ಹೆಸರೂ ಬದಲಾಯಿತು. ವೆಬ್ ಎಸಿಎಲ್‌ನಲ್ಲಿ ಯಾರೋ ಆ ಲೇಬಲನ್ನು ಕೈಯಾರೆ ಟೈಪ್ ಮಾಡಿ ಹೋಲಿಸುತ್ತಿದ್ದರೆ, ಆ ರೂಲ್ ಇನ್ನು ಯಾವತ್ತೂ ಹೊಂದುವುದಿಲ್ಲ. ಡಿಪ್ಲಾಯ್ ಹಸಿರು, ಅಲಾರಂ ಇಲ್ಲ, ಎರರ್ ಇಲ್ಲ. ತಡೆಯಬೇಕಾದದ್ದು ಸುಮ್ನೆ ಒಳಗೆ ಬರುತ್ತಿರುತ್ತದೆ.

ಈ ಕೆಲಸದಲ್ಲಿ ನನಗೆ ತುಂಬಾ ಭಯ ಹುಟ್ಟಿಸುವ ಜಾಗ ಇದೇ. ಯಾಕೆಂದರೆ ಇಲ್ಲಿ ಮೂರು ಬೇರೆ ಬೇರೆ ಕಟ್ಟುಪಾಡು, ಒಂದೊಂದಾಗಿ ನೋಡಿದರೆ ನಿರುಪದ್ರವಿ, ಸೇರಿದಾಗ ಹಳ್ಳ ತೋಡುತ್ತವೆ. ಮದ್ದು ಕಷ್ಟದ್ದೇನಲ್ಲ. ಲೇಬಲ್ ಅನ್ನುವುದು ನಿಮ್ಮ ಕೋಡ್‌ನಲ್ಲಿ ಸ್ಟ್ರಿಂಗ್ ಆಗಿರಬಾರದು. ಗ್ರೂಪ್ ಕಟ್ಟಿದಾಗ ಅದು ಅಂಟಿಸುವ ಲೇಬಲ್‌ಗಳು ವೇರಿಯಬಲ್‌ಗಳಾಗಿ ಕೈಗೆ ಬರಲಿ, ಹೋಲಿಸುವವರು ಆ ವೇರಿಯಬಲ್ ಬಳಸಲಿ. ಕ್ಲೌಡ್‌ಫಾರ್ಮೇಶನ್ ರೂಲ್ ಗ್ರೂಪ್‌ನಿಂದ ಲೇಬಲ್ ನೇಮ್‌ಸ್ಪೇಸ್ ಅನ್ನುವ ಔಟ್‌ಪುಟ್ ವಾಪಸ್ ಕೊಡುತ್ತದೆ, ಅದನ್ನು ಮುಂದೆ ಹೊಂದಿಸಿ.

ಇದರಿಂದ ಇನ್ನೊಂದು ಲಾಭ. ಯಾವ ಗ್ರೂಪ್ ಯಾವ ಲೇಬಲ್ ಹುಟ್ಟಿಸುತ್ತದೆ, ಯಾವುದು ಬಳಸುತ್ತದೆ ಅಂತ ಕೋಡ್‌ಗೆ ಗೊತ್ತಾದರೆ, ಬಳಸುವವರು ಹುಟ್ಟಿಸುವವರಿಗಿಂತ ಮೊದಲು ಓಡುತ್ತಿದ್ದಾರಾ ಅಂತ ಪರೀಕ್ಷಿಸಬಹುದು. ಪ್ರಯಾರಿಟಿ ತಪ್ಪಿದರೆ ಬಿಲ್ಡ್ ಬೀಳಲಿ. ದೂರಿನ ಉದಾಹರಣೆಯಲ್ಲಿ ನಮ್ಮ ರೂಲ್ ಕಾಮನ್ ರೂಲ್ ಸೆಟ್‌ಗಿಂತ ಮೊದಲು ಬಂದರೆ ಲೇಬಲ್ ಇನ್ನೂ ಅಂಟಿರುವುದೇ ಇಲ್ಲ. ಆಗ ಗಾತ್ರದ ಮಿತಿ ಎಲ್ಲ ಪುಟಗಳಿಗೂ ಹಾರಿಹೋಯಿತು.

ಕೆಪ್ಯಾಸಿಟಿಯನ್ನು ಎಷ್ಟು ಇಡಬೇಕು? ಸ್ವಲ್ಪ ಜಾಸ್ತಿ ಇಡಿ, ಆದರೆ ದುಂದು ಬೇಡ. ಬಳಸಿದಷ್ಟಲ್ಲ, ಕಾದಿರಿಸಿದಷ್ಟೂ ವೆಬ್ ಎಸಿಎಲ್‌ನ ಲೆಕ್ಕಕ್ಕೆ ಬೀಳುತ್ತದೆ. ಲೆಕ್ಕವನ್ನು ನೀವೇ ಕೋಡ್‌ನಲ್ಲಿ ಮರುಸೃಷ್ಟಿ ಮಾಡಲು ಹೋಗಬೇಡಿ. ಚೆಕ್ ಕೆಪ್ಯಾಸಿಟಿ ಅನ್ನುವ ಎಪಿಐ ಇದೆ, ರೂಲ್‌ಗಳನ್ನು ಕೊಟ್ಟರೆ ಮೊತ್ತ ಹೇಳುತ್ತದೆ. ಸಿಐನಲ್ಲಿ (ಕೋಡ್ ಬದಲಾದಾಗ ತಾನಾಗಿ ಓಡುವ ಪರೀಕ್ಷೆಗಳು) ಅದನ್ನು ಕರೆಸಿ, ಕಾದಿರಿಸಿದ್ದಕ್ಕೆ ಹತ್ತಿರ ಬಂದರೆ ಪುಲ್ ರಿಕ್ವೆಸ್ಟ್‌ನಲ್ಲೇ (ಬದಲಾವಣೆಗೆ ಒಪ್ಪಿಗೆ ಕೇಳುವ ಪುಟ) ಎಚ್ಚರಿಕೆ ಹಾಕಿ.

ಪ್ರಶ್ನೆಗಳು

ಒಬ್ಬರು ಕೇಳಿದರು: "ಮೇಡಂ, ಟೆರಾಫಾರ್ಮ್‌ನಲ್ಲೇ ನೇರವಾಗಿ ಬರೆದರೆ ಏನು ತೊಂದರೆ?"

ಚಿಕ್ಕ ಗ್ರೂಪ್ ಆದರೆ ಏನೂ ಇಲ್ಲ, ಬರೆಯಿರಿ. ಆದರೆ ಅಲ್ಲಿ ಸ್ಟೇಟ್‌ಮೆಂಟ್ ಒಳಗೆ ಸ್ಟೇಟ್‌ಮೆಂಟ್ ಮೂರು ಹಂತದ ತನಕ ಮಾತ್ರ. ಅದರ ಸ್ಕೀಮಾದಲ್ಲಿ ತನ್ನನ್ನೇ ಕರೆಯುವ ಟೈಪ್ ಬರೆಯಲು ಆಗುವುದಿಲ್ಲ. ಇನ್ನೂ ಆಳ ಬೇಕಿದ್ದರೆ ಜೇಸನ್ ಸ್ಟ್ರಿಂಗ್ ಕೊಡುವ ಆರ್ಗ್ಯುಮೆಂಟ್ ಇದೆ. ಮರವನ್ನು ಚಪ್ಪಟೆ ಮಾಡುವ ಉಪಾಯವೂ ಇದೆ: ಆ್ಯಂಡ್ ಒಳಗಿನ ನಾಟ್‌ನಲ್ಲಿ ಆರ್ ಇಡುವ ಬದಲು ಅದೇ ಆ್ಯಂಡ್ ಒಳಗೆ ನೇರವಾಗಿ ಎರಡು ನಾಟ್. ಇದನ್ನು ನಿಮ್ಮ ಜನರೇಟರ್ ತಾನೇ ಮಾಡಬಹುದು. ಇನ್ನೊಂದು ಕಿರಿಕಿರಿ, ಅಲ್ಲಿ ರೂಲ್‌ಗಳು ಸೆಟ್ ಆಗಿವೆ. ಒಂದು ಅಕ್ಷರ ಬದಲಿಸಿದರೂ ಪ್ಲ್ಯಾನ್‌ನಲ್ಲಿ ಇಡೀ ರೂಲ್ ಹೋಗಿ ಇಡೀ ರೂಲ್ ಬಂದ ಹಾಗೆ ಕಾಣುತ್ತದೆ. ರಿವ್ಯೂ ಮಾಡುವವರು ಕಣ್ಣು ಮುಚ್ಚಿ ಒಪ್ಪಿಗೆ ಒತ್ತುವುದು ಇಲ್ಲಿಂದಲೇ ಶುರುವಾಗುತ್ತದೆ.

"ರಾತ್ರಿ ಅಟ್ಯಾಕ್ ಬಂದಾಗ ಕನ್ಸೋಲ್‌ನಲ್ಲಿ ಕೈಯಾರೆ ರೂಲ್ ಹಾಕ್ತೀವಿ. ಬೆಳಿಗ್ಗೆ ಡಿಪ್ಲಾಯ್ ಆದ ಕೂಡಲೇ ಹೋಗಿಬಿಡುತ್ತೆ. ಏನು ಮಾಡೋದು?"

ಹೋಗಲೇಬೇಕು. ಅಪ್‌ಡೇಟ್ ಎಪಿಐ ಇದ್ದದ್ದಕ್ಕೆ ಸೇರಿಸುವುದಿಲ್ಲ, ನೀವು ಕೊಟ್ಟ ಪಟ್ಟಿಯನ್ನೇ ಪೂರ್ತಿಯಾಗಿ ಇಡುತ್ತದೆ. ಹಾಗಾಗಿ ರಾತ್ರಿ ಬದಲಾಗುವಂಥದ್ದನ್ನು ರೂಲ್‌ನಿಂದ ಹೊರಗೆ ತೆಗೆಯಿರಿ. ತಡೆಯುವ ಐಪಿಗಳಿಗೆ ಐಪಿ ಸೆಟ್ ಇದೆ, ಒಂದರಲ್ಲಿ 10,000 ವಿಳಾಸದ ತನಕ ಹಿಡಿಯುತ್ತದೆ, ರೂಲ್‌ನಲ್ಲಿ ಅದಕ್ಕೆ ಕೈ ತೋರಿಸಲು 1 ಡಬ್ಲ್ಯೂಸಿಯು ಸಾಕು. ಸೆಟ್ ಇದೆ ಅನ್ನುವುದು ಕೋಡ್‌ನಲ್ಲಿರಲಿ, ಅದರೊಳಗೆ ಏನಿದೆ ಅನ್ನುವುದನ್ನು ಕೋಡ್ ಮುಟ್ಟದಿರಲಿ.

"ಟೆಸ್ಟ್ ಹೇಗೆ ಬರೀತೀರಿ? ಲೋಕಲ್‌ನಲ್ಲಿ ವ್ಯಾಫ್ ಓಡಿಸೋಕೆ ಆಗಲ್ವಲ್ಲ?"

ಎಡಬ್ಲ್ಯೂಎಸ್‌ನ ಇಂಜೆಕ್ಷನ್ ಪತ್ತೆಯನ್ನು ನಾವೇ ನಕಲು ಮಾಡುವುದು ವ್ಯರ್ಥ ಶ್ರಮ. ನಾನು ಮರದ ಆಕಾರವನ್ನು, ಲೇಬಲ್ ಕ್ರಮವನ್ನು, ಕೆಪ್ಯಾಸಿಟಿಯನ್ನು ಯುನಿಟ್ ಟೆಸ್ಟ್‌ನಲ್ಲಿ ನೋಡುತ್ತೇನೆ. ವರ್ತನೆಯನ್ನು ಸ್ಟೇಜಿಂಗ್‌ಗೆ (ಬಿಡುಗಡೆಗೆ ಮುಂಚಿನ ಪರೀಕ್ಷಾ ವ್ಯವಸ್ಥೆ) ನಿಜವಾದ ರಿಕ್ವೆಸ್ಟ್ ಕಳಿಸಿ ನೋಡುತ್ತೇನೆ. ಮಾದರಿ ಬೇಕಿದ್ದರೆ ಒವಾಸ್ಪ್ ಕೋರ್ ರೂಲ್ ಸೆಟ್‌ನ (ಎಲ್ಲರಿಗೂ ತೆರೆದಿರುವ ವ್ಯಾಫ್ ರೂಲ್‌ಗಳ ಸಂಗ್ರಹ, ಎಡಬ್ಲ್ಯೂಎಸ್‌ನದಲ್ಲ) ರೆಪೊಸಿಟರಿ ತೆರೆಯಿರಿ. ಅಲ್ಲಿ ರೂಲ್ ನಂಬರ್‌ಗೆ ತಕ್ಕ ಯಾಮಲ್ ಟೆಸ್ಟ್ ಫೈಲ್‌ಗಳಿವೆ. ಈ ರಿಕ್ವೆಸ್ಟ್ ಕಳಿಸಿದರೆ ಈ ರೂಲ್ ಹೊಂದಬೇಕು, ಇದಕ್ಕೆ ಹೊಂದಬಾರದು ಅಂತ. ಆ ಎರಡನೇ ಬಗೆಯನ್ನು ನೀವು ಮರೆಯಬೇಡಿ. ಅದರಲ್ಲಿ ಉದ್ದನೆಯ ಒಂದು ಕನ್ನಡ ದೂರು ಕಡ್ಡಾಯವಾಗಿ ಇರಲಿ.

ಕೌಂಟ್‌ನಲ್ಲಿ ಇಟ್ಟರೆ ಅಪಾಯವೇ ಇಲ್ಲ ಅಂತಲೂ ಅಂದುಕೊಳ್ಳಬೇಡಿ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಜಗತ್ತಿನಾದ್ಯಂತ 27 ನಿಮಿಷ ಬಿದ್ದದ್ದು ಬರೀ ಲಾಗ್ ಮಾಡುವ ಸ್ಥಿತಿಯಲ್ಲಿ ಬಿಟ್ಟ ರೂಲ್‌ನಿಂದ. ತಡೆಯದಿದ್ದರೂ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಓಡಲೇಬೇಕಲ್ಲ. ಅದು ಹಿಂದೆ ಮುಂದೆ ಓಡಾಡಿ ಸಿಪಿಯು ಪೂರ್ತಿ ನುಂಗಿತು.

ಕೊನೆಯ ಪ್ರಶ್ನೆ: "ಕ್ಲೌಡ್‌ಫ್ರಂಟ್‌ಗೆ ಒಂದು, ಮುಂಬೈ ಲೋಡ್ ಬ್ಯಾಲೆನ್ಸರ್‌ಗೆ ಒಂದು. ಅದೇ ರೂಲ್‌ಗಳನ್ನ ಎರಡು ಸಲ ಬರೀಬೇಕಾ ಮೇಡಂ?"

ಬರೆಯುವುದು ಒಂದೇ ಸಲ, ಕಟ್ಟುವುದು ಎರಡು ಸಲ. ಸ್ಕೋಪ್ ಅಂದರೆ ಗ್ರೂಪ್ ಎಲ್ಲಿ ಬಳಕೆಯಾಗುತ್ತದೆ ಅನ್ನುವುದು. ಕ್ಲೌಡ್‌ಫ್ರಂಟ್ ಸ್ಕೋಪ್‌ನ ಗ್ರೂಪ್ ಉತ್ತರ ವರ್ಜೀನಿಯಾ ರೀಜನ್‌ನಲ್ಲೇ ಇರಬೇಕು, ಮುಂಬೈಯದು ಮುಂಬೈಯಲ್ಲಿ. ಆದ್ದರಿಂದ ಗ್ರೂಪ್ ಅನ್ನುವುದು ಸ್ಕೋಪನ್ನು ತೆಗೆದುಕೊಂಡು ರೂಲ್‌ಗಳನ್ನು ಕೊಡುವ ಫಂಕ್ಷನ್ ಆಗಲಿ. ಐಪಿ ಸೆಟ್‌ಗಳೂ ಎರಡಾಗುತ್ತವೆ, ಯಾಕೆಂದರೆ ಒಂದು ಸ್ಕೋಪ್‌ನ ಎಆರ್‌ಎನ್ (ಎಡಬ್ಲ್ಯೂಎಸ್ ವಸ್ತುವಿನ ಪೂರ್ತಿ ಗುರುತು) ಇನ್ನೊಂದರಲ್ಲಿ ನಡೆಯುವುದಿಲ್ಲ. ಸ್ಕೋಪನ್ನು ಟೈಪ್‌ನ ಭಾಗ ಮಾಡಿದರೆ ಮುಂಬೈ ಐಪಿ ಸೆಟ್ಟನ್ನು ಕ್ಲೌಡ್‌ಫ್ರಂಟ್ ಗ್ರೂಪ್‌ಗೆ ಕೊಟ್ಟಾಗ ಕಂಪೈಲರೇ ಬೇಡ ಅನ್ನುತ್ತದೆ. ಬಾಡಿ ಓದುವ ಮಿತಿಯೂ ಬೇರೆ: ಲೋಡ್ ಬ್ಯಾಲೆನ್ಸರ್‌ಗೆ 8 ಕೆಬಿ ಅಂತ ಖಾಯಂ, ಕ್ಲೌಡ್‌ಫ್ರಂಟ್‌ಗೆ ಮೊದಲೇ 16 ಕೆಬಿ, ಬೇಕಿದ್ದರೆ 64ರ ತನಕ ಏರಿಸಬಹುದು. ಕಾಮನ್ ರೂಲ್ ಸೆಟ್‌ನ 8,192ರ ರೂಲ್ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಆ ದೂರಿನ ಪುಟದ ರೂಲ್ ಎರಡೂ ಕಡೆಗೂ ಬೇಕಾಗುತ್ತದೆ.